ಸೆರಗೊಡ್ಡಿದ ಸುಂದ್ರವ್ವ

ಕುರ್ಲಾ, ಮುಂಬಯಿ
೧೯-೮-೧೯೭೩

ಚಿ. ಕು. ಹಾಲವ್ವನಿಗೆ ನಿನ್ನ ಅಪ್ಪನ ಆಶೀರ್ವಾದ.

ನಿನ್ನ ಎರಡೂ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗೆಲ್ಲ ಎದ್ದುಬಿಟ್ಟೆ, ಸಿಟ್ಟಾಗಬೇಡ. ನಿನ್ನ ಅವ್ವ ಚೆನ್ನಾಗಿದ್ದಾಳೆ. ಚಾಳಿನ ನಳದಲ್ಲಿ ನೀರಿಲ್ಲ, ಜಗಳಕ್ಕೇನೂ ಬರವಿಲ್ಲ. ಇಂಡಿಯಲ್ಲಿ ಅಜ್ಜಿಯ ಹತ್ತಿರ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ತಾನೆ?

ಸುಂದ್ರವ್ವನ ಸುದ್ದಿ ಕೇಳಿದ್ದೀ. ಇಲ್ಲ ಮಗಳೇ, ಸಿಕ್ಕಿಲ್ಲ. ಸೋದರತ್ತೆ ಎಂದು ಹೇಳಿಕೊಂಡು ಬಂದವಳು ಅವಳನ್ನು ಊರಿಗೆ ಒಯ್ಯಲೇ ಇಲ್ಲ. ನಮ್ಮ ಆಶ್ರಮದವರು ಬಿಡಿಸಿ ತಂದಿದ್ದ ಆ ಕೆಟ್ಟ ಗಲ್ಲಿಗೇ ಮತ್ತೆ ಮಾರಿದಳಂತೆ. ಪೊಲೀಸರು ಹೋಗುವಷ್ಟರಲ್ಲಿ ಅಲ್ಲಿಂದಲೂ ಸಾಗಿಸಿದ್ದರು. ಹದಿನೈದು ವರ್ಷದ ಕೂಸು. ನನಗೆ ಅನ್ನ ಇಳಿಯುತ್ತಿಲ್ಲ.

ಇನ್ನು ಮುಂದೆ ಹರೆಯದವರನ್ನು, ಬಿಡಿಸಿ ತಂದ ಹುಡುಗಿಯರ ಮಾತು ಕೇಳಿ ತಿಳಿಸುವ ಈ ಕೆಲಸಕ್ಕೆ ಸೇರಿಸುವುದಿಲ್ಲ ಎಂದು ಆಶ್ರಮ ನಡೆಸುವ ಬಾಯೀಸಾಹೇಬರು ಹೇಳಿಬಿಟ್ಟರು. ಅಲ್ಲಿ ಗುಮಾಸ್ತನಾದ ನಾನೇ ಅಲ್ಲವೇ ನಿನ್ನನ್ನು ಕರೆದೊಯ್ದದ್ದು? ದೊಡ್ಡವರು ಮಾತಾಡಿಸಿದರೆ ಗೋಡೆ ನೋಡುತ್ತ ಕೂರುತ್ತಿದ್ದ ಸುಂದ್ರವ್ವ, ನೀನು ತಲೆ ಬಾಚುತ್ತ ನಮ್ಮ ಕಡೆಯ ಮಾತಾಡಿದ ಮೇಲೆ, "ಅಕ್ಕಾ, ನಿಮ್ಮ ಮನ್ಯಾಗ ಮೆಂತೆ ಪಲ್ಲೆ ಮಾಡ್ತೀರೇನು?" ಎಂದು ಕೇಳಿದ್ದಳು. ಎಷ್ಟು ಹಿಗ್ಗಿದ್ದೆ ನೀನು! ಅದನ್ನು ಈಗ ಯಾರೂ ನೆನೆಯುವುದಿಲ್ಲ.

ಆ ಹೆಂಗಸು ಖಣ, ಅಕ್ಕಿ, ಉತ್ತತ್ತಿ ತಂದು ಉಡಿ ತುಂಬಿದಳು. ಸುಂದ್ರವ್ವ ಸೆರಗೊಡ್ಡಿದಳು. ಹೋಗಲು ಒಪ್ಪಿದಳೆಂದು ನಾವು ತಿಳಿದೆವು. ಉಡಿ ತುಂಬಲು ಬಂದವರಿಗೆ ಬೇಡ ಎನ್ನುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರು ಕಲಿಸಿದ್ದಾರೆ? ಈ ಹೆಂಗಸು ಹುಡುಗಿಯ ಸಂಬಂಧಿಕಳೇ ಏನು ಎಂದು ಬಾಯೀಸಾಹೇಬರು ನಿನ್ನನ್ನು ಕೇಳಿದಾಗ ನೀನು ಹೌದೆಂದೆ. ಅವರು ಕಳಿಸಿಕೊಟ್ಟರು.

ಊಟ ಬಿಡಬೇಡ, ಓದು ಬಿಡಬೇಡ. ಅಜ್ಜಿಗೆ ನಮಸ್ಕಾರ ತಿಳಿಸು. ದೇವರು ನಿನ್ನನ್ನಾದರೂ ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಗುರಲಿಂಗಪ್ಪ

ತಾ. ಕ.: ಹೌದೆನ್ನುವ ಮೊದಲು ನೀನು ನನ್ನ ಮೇಜಿನ ಹತ್ತಿರ ಬಂದು, "ಅಪ್ಪಾ, ಸುಂದ್ರವ್ವ ನನ್ನ ಕೈ ಬಿಡವಲ್ಲಳು. ಬಾಯೀಸಾಹೇಬರಿಗೆ ನಾಳಿಗೆ ಹೇಳ್ಲೇನು?" ಎಂದಿದ್ದೆ. "ಉಡಿ ಹಿಡದಾಳಲ್ಲ, ಹೌದಂತ ಹೇಳಿ ಮುಗಸು" ಎಂದವನು ನಾನು. ಎರಡು ಕಾಗದದಲ್ಲೂ ನೀನು ಈ ಮಾತೆತ್ತಿಲ್ಲ. ಮೊನ್ನೆ ಆಶ್ರಮದ ಕಮಿಟಿಯವರು, ಹೌದೆನ್ನಲು ನಿನಗೆ ಯಾರಾದರೂ ಹೇಳಿಕೊಟ್ಟಿದ್ದರೇ ಎಂದು ಎಲ್ಲರೆದುರು ಕೇಳಿದರು. ಸಭೆಯ ನಡಾವಳಿ ಬರೆಯುತ್ತಿದ್ದವನು ನಾನೇ. ಯಾರೂ ಇಲ್ಲ, ತಪ್ಪು ಹಾಲವ್ವನೊಬ್ಬಳದೇ ಎಂದು ಬರೆದು ಸಹಿ ಮಾಡಿದೆ.