ಒಂದೇ ಸಲ ಕೇಳಿದವರು

ತೇಲೂರು, ಫೆಬ್ರವರಿ ಮೂವತ್ತೊಂದು, ೨೪೧೬

ನಾಲ್ಕು ಶತಮಾನದಾಚೆಯ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನೆಲ ಮುಳುಗಿದ ಮೇಲೆ ನಮ್ಮಲ್ಲಿ ಧಾರಾಳವಾಗಿ ಉಳಿದದ್ದು ದಿನಗಳು ಮಾತ್ರ; ಫೆಬ್ರವರಿಗೂ ಒಂದಷ್ಟು ಹಂಚಿದೆವು. ನನ್ನ ಕನ್ನಡ ನಿಮಗೆ ಉಪ್ಪುಪ್ಪಾಗಿ ಕಂಡರೆ ಕ್ಷಮಿಸಿ, ಅದು ನೀರಲ್ಲಿ ನೆನೆದ ಭಾಷೆ. ಈ ಕಾಗದ ಹಿನ್ನೀರಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹರಿಯುವ ಟಪಾಲಿನಲ್ಲಿ ಬರುತ್ತಿದೆ. ಮರುಟಪಾಲಿನ ವ್ಯವಸ್ಥೆ ಇಲ್ಲ.

ನಾನು ರಾಮದಾಸ ಮೇಸ್ತ, ತೇಲೂರಿನ ದುಭಾಷಿ. ತೇಲೂರು ಎಂದರೆ ಹಳೆಯ ಸರಕು ಹಡಗೊಂದರ ಮೇಲೆ ಕಟ್ಟಿದ ಊರು: ನಲವತ್ತೊಂದು ಮಂದಿ, ಆರು ಕೋಳಿ, ತಗಡಿನ ಡಬ್ಬಿಗಳಲ್ಲಿ ಬೆಳೆಸಿದ ಬಸಳೆ, ಒಂದು ಪಂಪು. ತಳದಲ್ಲಿ ಜಿನುಗುವ ನೀರನ್ನು ಅದು ಹಗಲೂ ರಾತ್ರಿ ಹೊರಗೆ ಚೆಲ್ಲುತ್ತದೆ. ಅದರ ಸದ್ದಿಗೆ ತಾಳ ಹಾಕಿಕೊಂಡು ನಾವು ಬದುಕುತ್ತೇವೆ. ಶಿಷ್ಟಾಚಾರ ಮಾತ್ರ ನಿಮ್ಮಿಂದಲೇ ಬಂದದ್ದು. ಯಾರ ಮನೆಗೆ ಹೋದರೂ ಊಟಕ್ಕೆ ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ ಕೂರಬೇಕು. ಮೊದಲ ಕರೆಗೇ ಕೂತವನನ್ನು ಇಲ್ಲಿ ಮೂರು ತಲೆಮಾರು ಹೊಟ್ಟೆಬಾಕನೆಂದೇ ಕರೆಯುತ್ತಾರೆ.

ನಿನ್ನೆ ಬೆಳಿಗ್ಗೆ ಪಂಪು ನಿಂತಿತು. ಮಧ್ಯಾಹ್ನ ಉತ್ತರ ಸಮುದ್ರದವರ ನೆರವು ಹಡಗು ಕಾಣಿಸಿತು. ನಮ್ಮನ್ನು ಎಳೆದೊಯ್ಯಬಲ್ಲದ್ದು ಈ ದಿಕ್ಕಿನಲ್ಲಿ ಅದೊಂದೇ. ನೆರವು ಬೇಕೆ ಎಂದು ರೇಡಿಯೋದಲ್ಲಿ ಕೇಳಿದರು. ನಮ್ಮ ಹಡಗಿನ ಯಜಮಾನಿ ದುರ್ಗಿಯಕ್ಕನಿಗೆ ಹೇಳಿದೆ. ಮೊಣಕಾಲುದ್ದ ನೀರಲ್ಲಿ ನಿಂತಿದ್ದ ಅವಳು ಮೊದಲು ಸೆರಗು ಸರಿಮಾಡಿಕೊಂಡಳು.

"ಬ್ಯಾಡ ಬ್ಯಾಡ, ಅವ್ರಿಗೆ ಎಂತಕ್ಕೆ ತೊಂದ್ರೆ ಅಂತ ಹೇಳು."

ಹೇಳಿದೆ. ಏಳು ಭಾಷೆಗಳಲ್ಲಿ ಚಿನ್ನದ ಪದಕ ಪಡೆದವನು ನಾನು. ವ್ಯಾಕರಣ ಕದಲದಂತೆ, ವಿನಯ ಒಂದು ಹನಿಯೂ ಚೆಲ್ಲದಂತೆ ಹೇಳಿದೆ. ಆಮೇಲೆ ಇಬ್ಬರೂ ಎರಡನೆಯ ಪ್ರಶ್ನೆಗೆ ಕಾದೆವು. ಬಂದದ್ದು ಧನ್ಯವಾದ. ಉತ್ತರದವರು ಉತ್ತರವನ್ನು ನಂಬುವ ಜನ. ಬೇಡ ಅಂದವರನ್ನು ಮತ್ತೆ ಕೇಳಿದರೆ ಅವರನ್ನು ಸುಳ್ಳುಗಾರರೆಂದ ಹಾಗೆ, ಎಂದು ಅವರ ಭಾಷೆಯ ಪಠ್ಯಪುಸ್ತಕದ ಕಡೆಯ ಪುಟದಲ್ಲಿದೆ. ಹಡಗು ತಿರುಗಿದ ಮೇಲೆ ಓದಿದೆ. ಪರೀಕ್ಷೆಗೆ ಆ ಪುಟ ಇರಲಿಲ್ಲ.

"ಹ್ವಾಯ್, ಹೋತಾ ಇತ್ತಲ್ಲ ಮಾರಾಯ! ಪದಕ ತೋರ್ಸಿಯಾದ್ರೂ ನಿಲ್ಸಾ!"

ದುರ್ಗಿಯಕ್ಕ ಅಬ್ಬರಿಸಿದಳು. ನಾನು ರೇಡಿಯೋಗೆ ಬಾಯಿಟ್ಟು ಕೂಗಿದೆ. ಅವರು ಆಗಲೇ ರೇಡಿಯೋದಲ್ಲಿ ಮುಂದಿನ ಹಡಗಿನ ಜೊತೆ ಮಾತಿಗಿಳಿದಿದ್ದರು. ನಲವತ್ತೊಂದು ಮಂದಿಯೂ ಡೆಕ್ಕಿಗೆ ಬಂದು ಕೈ ಬೀಸಿದೆವು, ಸೀರೆ ಬೀಸಿದೆವು. ಬೀಳ್ಕೊಡುಗೆ ಎಂದುಕೊಂಡರು; ಅವರೂ ಬೀಸಿದರು. ಒಬ್ಬ ಟೋಪಿ ತೆಗೆದು ಬಹಳ ಹೊತ್ತು ಬೀಸಿದ.

ಈಗ ಬಸಳೆಯ ಡಬ್ಬಿಗಳು ತೇಲುತ್ತಿವೆ. ಊರಿನ ಹೆಸರನ್ನು ಉಳಿಸಿಕೊಂಡಿರುವುದು ಅವು ಮಾತ್ರ. ಇನ್ನೊಂದು ಹಡಗು ಈ ದಾರಿಗೆ ಬರಲು ಎಂಟು ದಿನ ಬೇಕು. ನಮ್ಮಲ್ಲಿ ಸಂಜೆಯವರೆಗಿನ ಹೊತ್ತಿದೆ.

ಒಂದು ಬಿನ್ನಹ. ಮಕ್ಕಳನ್ನು ಸಮುದ್ರಕ್ಕೆ ಕಳಿಸುವ ಮುನ್ನ, ಮೊದಲ ಸಲಕ್ಕೇ ಬೇಕು ಅನ್ನುವುದನ್ನು ಕಲಿಸಿ. ನೀವು ಕಲಿಸುವುದಿಲ್ಲವೆಂದು ನನಗೆ ಗೊತ್ತು. ಕಲಿಸಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ದುರ್ಗಿಯಕ್ಕ ಕಡೆಯ ಗಂಜಿ ತಂದು ಪಕ್ಕದಲ್ಲಿ ಕೂತಿದ್ದಾಳೆ. "ಉಣ್ತ್ಯಾ?" ಅಂದಳು. ಬಾಯಿ ತಾನಾಗಿಯೇ "ಬ್ಯಾಡ" ಅಂದಿತು. ಅವಳು ಬಟ್ಟಲು ಹಿಡಿದುಕೊಂಡೇ ಇದ್ದಾಳೆ. ಮತ್ತೆ ಕೇಳುತ್ತಿದ್ದಾಳೆ.