ಮೂರನೆಯ ಜಾಡಿಯ ಕೆಂಪು ಗಂಡು

ಫೈಲಿನ್,

ಜಾಡಿಯ ಮೀನುಗಳು ನೀರ ಮೇಲೆ ಕಟ್ಟುವ ನೊರೆಗೂಡಿನಲ್ಲಿ ಮೊಟ್ಟೆ ಇರುವಾಗ ಮನೆ ಬಿಟ್ಟು ಕದಲುವುದಿಲ್ಲ ಎಂದು ನಿನ್ನ ತಾತ ಸಾಯುವ ಮುಂಚೆ ಅವರಿಗೆ ಮಾತು ಕೊಟ್ಟಿದ್ದೆ. ಹನ್ನೊಂದು ವರ್ಷವಾಯಿತು. ಪ್ರತಿ ಹೊಸವರ್ಷದ ಸೊಂಗ್‌ಕ್ರಾನ್ ಹಬ್ಬಕ್ಕೂ ಯಾವುದಾದರೊಂದು ಜಾಡಿಯಲ್ಲಿ ಗೂಡು ಇದ್ದೇ ಇತ್ತು. ಒಮ್ಮೆಯೂ ತವರಿಗೆ ಹೋಗಲಾಗಲಿಲ್ಲ.

ಮೂರನೆಯ ಜಾಡಿಯಲ್ಲಿ ನಿನ್ನೆ ಮೊಟ್ಟೆ ಬಿದ್ದಿದೆ. ಮುಚ್ಚಳ ತೆಗೆಯಬೇಡ. ಕೆಂಪು ಗಂಡು ಊಟ ಬಿಟ್ಟಿದೆ. ಅದಕ್ಕೆ ಕಾಯಿಲೆಯೇನಿಲ್ಲ, ಗೂಡು ಕಾಯುತ್ತಿದೆ. ಉದುರಿದ ಮೊಟ್ಟೆಯನ್ನು ಅದೇ ಬಾಯಲ್ಲಿ ಕಚ್ಚಿ ಮೇಲಿಡುತ್ತದೆ, ನೀನು ಚಮಚ ಹಾಕಬೇಡ. ಮರಿಗಳು ಈಜತೊಡಗಿದ ದಿನವೇ ಗಂಡನ್ನು ಬೇರೆ ಮಾಡು, ಇಲ್ಲದಿದ್ದರೆ ತಿಂದುಬಿಡುತ್ತದೆ.

ಅಜ್ಜಿ ಬಂದು, "ಪಾಪ ಕಣೇ, ಅದರ ಹೆಂಡ್ತಿನೂ ಜೊತೇಲಿ ಬಿಡೇ" ಅಂತಾರೆ. ಬಿಡಬೇಡ. ಹೋದ ಸಲ ಅವರೇ ಬಿಟ್ಟರು, ಬೆಳಗಾಗುವಷ್ಟರಲ್ಲಿ ಮೊಟ್ಟೆಯೆಲ್ಲ ಹೆಣ್ಣಿನ ಹೊಟ್ಟೆ ಸೇರಿತ್ತು. "ನಂಗೇನು ಗೊತ್ತು, ನಿಮ್ಮ ಮಾವ ಹೇಳಿರ್ಲಿಲ್ಲ" ಅಂದರು!

ಅವರ ಮಾತ್ರೆ ಅಕ್ಕಿ ಡಬ್ಬಿಯ ಮೇಲಿದೆ. ಊಟವಾದ ಮೇಲೆ ಕೊಡು.

ನಾನು ಕೊಟ್ಟ ಮಾತನ್ನೇ ಅಜ್ಜಿ ನಿನ್ನಿಂದಲೂ ಕೇಳುತ್ತಾರೆ. ಕೊಡಬೇಡ ಮಗಳೇ, ನಗುತ್ತಾ ಸುಮ್ಮನಿದ್ದುಬಿಡು.

ನಾಡಿದ್ದು ತವರೂರು ಸುರಿನ್‌ನಲ್ಲಿ ನನ್ನ ಅಮ್ಮನ ಕಣ್ಣಿನ ಆಪರೇಷನ್. ಐದು ಗಂಟೆಯ ಬಸ್ಸಿಗೆ ಹೊರಡುತ್ತಿದ್ದೇನೆ. ನಿನ್ನ ತಾತನಿಗೆ ಕೊಟ್ಟ ಮಾತಿಗೆ ತಪ್ಪಿದ್ದೇನೆ.

ಅಮ್ಮ