ಕಲ್ಲಿಗೆ ಬೇಕಾದ ತಾರೀಖು

ಅಮ್ಮಾ,

ಓದಲು ನೀನಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ನಿನ್ನ ಸಮಾಧಿಗೆ ಕಲ್ಲು ಕೆತ್ತುವವರ ಹತ್ತಿರ ಹೋಗಿ ಸುಸ್ತಾಗಿ ಬಂದೆ.

"ಹುಟ್ಟಿದ ದಿನ ಹೇಳಿ" ಅಂದರು. ನಿನ್ನ ಗುರುತಿನ ಚೀಟಿಯಲ್ಲಿ ವರ್ಷ ಮಾತ್ರ ಇದೆ. ಅಣ್ಣನಿಗೆ ಫೋನ್ ಮಾಡಿದರೆ, "ನಂಗೇನೇ ಗೊತ್ತು? ಜೊತೆಗಿದ್ದವಳು ನೀನು" ಅಂದ.

"ಯಾವ್ದೋ ಒಂದು ಹಾಕ್ಬಿಡೋಣ ಬಿಡಿ, ಯಾರು ನೋಡ್ತಾರೆ?" ಅಂದರು ಕೆತ್ತುವವರು.

ಆಗ ಚರ್ಚಿನ ಮಕ್ಕಳಿಗೆ ನೀನು ಮಾಡುತ್ತಿದ್ದ ಪಾಠ ನೆನಪಾಯಿತು. ಯೇಸು ಹುಟ್ಟಿದ ದಿನ ಬೈಬಲಿನಲ್ಲೇ ಇಲ್ಲ. ಹಳೇ ಕಾಲದ ಸೂರ್ಯನ ಹಬ್ಬದ ದಿನವನ್ನೇ ಕ್ರಿಸ್ಮಸ್ಸಿಗೆ ಇಟ್ಟುಕೊಂಡರು ಅನ್ನುವವರಿದ್ದಾರೆ. ನಿನಗೆ ಹಿಡಿಸಿದ್ದು ಇನ್ನೊಂದು ಲೆಕ್ಕ. ಆತ ಶಿಲುಬೆಯ ಮೇಲೆ ತೀರಿಕೊಂಡದ್ದು ಮಾರ್ಚ್ ಇಪ್ಪತ್ತೈದು, ತಾಯಿಯ ಗರ್ಭಕ್ಕೆ ಬಂದದ್ದೂ ಅದೇ ದಿನ ಎಂದು ಹಿಂದಿನವರು ನಂಬಿದ್ದರಂತೆ. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ ಡಿಸೆಂಬರ್ ಇಪ್ಪತ್ತೈದು. "ಸತ್ತ ಮೇಲೇ ಕಣ್ರೋ ಹುಟ್ಟಿದ ದಿನ ಹುಡುಕೋದು!" ಎಂದು ನೀನು ನಗುತ್ತಿದ್ದೆ.

ನೀನು ಹೋದದ್ದು ಜೂನ್ ಹತ್ತು. ಕಲ್ಲಿನ ಪುಡಿಯಲ್ಲೇ ಕೂತು ಬೆರಳು ಮಡಚಿ ಒಂಬತ್ತು ತಿಂಗಳು ಎಣಿಸಿದೆ. ಮಾರ್ಚ್ ಹತ್ತು ಬಂತು. ಅದನ್ನೇ ಕೆತ್ತಲು ಹೇಳಿದ್ದೇನೆ. ನನ್ನ ಹುಟ್ಟುಹಬ್ಬಕ್ಕೆ ನೀನು ಮಾಡುತ್ತಿದ್ದಂಥ ಕೇಕ್ ಆ ದಿನ ಮಾಡಿ ನೋಡುತ್ತೇನೆ.

ತಪ್ಪಿದ್ದರೆ ಹೇಳು. ನೀನು ಹುಟ್ಟಿದ್ದು ಯಾವತ್ತಮ್ಮಾ?